ಓದುಗರ ಪ್ರಶ್ನೆ, ನಮ್ಮ ಉತ್ತರ: ಆರು ಜನ, ಎರಡು ದಿನ, ಮೊದಲ ಕಿರುಚಿತ್ರ

ಪದವಿ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಕೆಲಸ ಶುರುವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೂ ಬದಲಾಗುತ್ತದೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಗಳು ಗುಂಪಾಗಿ ಮಾಡಬೇಕಾದ ಮೊದಲ ಕಿರುಚಿತ್ರದ ಕುರಿತಾಗಿಯೇ ಇರುವುದರಿಂದ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ. ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳಿದವರೇ ಬಹಳ ಮಂದಿ. ಆ ಪ್ರಶ್ನೆಗೆ ಇಲ್ಲಿ ಪ್ರತ್ಯೇಕವಾದ ಉತ್ತರ ಕೊಟ್ಟಿಲ್ಲ, ಏಕೆಂದರೆ ಸಂಕಲನದ ಮೇಜಿನ ಮುಂದೆ ಕುಳಿತು ನಾನು ನೋಡಿದ ವಿದ್ಯಾರ್ಥಿ ಚಿತ್ರಗಳಲ್ಲಿ ಕ್ಯಾಮೆರಾದಿಂದ ಕೆಟ್ಟದ್ದು ಅಪರೂಪ. ಕೆಟ್ಟದ್ದು ಧ್ವನಿಯಿಂದ, ಇಲ್ಲವೇ ಶೂಟಿಂಗಿಗೆ ಮೊದಲು ಮಾತಾಡಿಕೊಳ್ಳದೆ ಬಿಟ್ಟ ಸಂಗತಿಗಳಿಂದ.

ಪ್ರಶ್ನೆ: ನಾವು ಆರು ಜನ ಸೇರಿ ಹತ್ತು ನಿಮಿಷಕ್ಕೆ ಮೀರದ ಚಿತ್ರ ಮಾಡಬೇಕು. ದರ್ಜಿಯೊಬ್ಬರ ಮಗ ಪರೀಕ್ಷಾ ಶುಲ್ಕಕ್ಕೆ ಅಪ್ಪನ ಬಳಿ ಹಣ ಕೇಳಲು ಹಿಂಜರಿಯುವ ಕಥೆ. ಅಪ್ಪನ ಬಾಲ್ಯದ ಫ್ಲ್ಯಾಶ್‌ಬ್ಯಾಕ್, ಒಂದು ಬಸ್ ಅಪಘಾತ, ಮಳೆಯಲ್ಲಿ ಕೊನೆಯ ದೃಶ್ಯ ಇವೆಲ್ಲ ಸೇರಿ ಚಿತ್ರಕಥೆ ಇಪ್ಪತ್ತೆರಡು ಪುಟವಾಗಿದೆ. ಕಾಲೇಜಿನ ಕ್ಯಾಮೆರಾ ಸಿಗುವುದು ಎರಡೇ ದಿನ. ಏನನ್ನು ಕಡಿಮೆ ಮಾಡಬೇಕು?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕವನ್ನು ನೀವು ಕೇಳಿರಬಹುದು. ಅದು ನಿರ್ದಿಷ್ಟ ಅಕ್ಷರಗಾತ್ರ, ನಿರ್ದಿಷ್ಟ ಅಂಚು ಬಿಟ್ಟು ಇಂಗ್ಲಿಷಿನಲ್ಲಿ ಟೈಪು ಮಾಡಿದ ಪುಟಕ್ಕೆ ಹೊಂದುವ ಲೆಕ್ಕವೇ ಹೊರತು ನೋಟ್‌ಪುಸ್ತಕದಲ್ಲಿ ಕನ್ನಡದಲ್ಲಿ ಬರೆದದ್ದಕ್ಕೆ ಹೊಂದುವುದಿಲ್ಲ. ಆದ್ದರಿಂದ ಪುಟ ಎಣಿಸುವುದನ್ನು ಬಿಟ್ಟು ಆರೂ ಜನ ಒಂದು ಕಡೆ ಕುಳಿತು, ಒಬ್ಬರು ಮಾತುಗಳನ್ನು ಓದುತ್ತ, ಇನ್ನೊಬ್ಬರು ನಡೆಯುವ, ಬಾಗಿಲು ತೆಗೆಯುವ, ಸುಮ್ಮನಿರುವ ಹೊತ್ತನ್ನೂ ಅಭಿನಯಿಸುತ್ತ, ಮತ್ತೊಬ್ಬರು ಫೋನಿನ ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಸುಮ್ಮನಿರುವ ಹೊತ್ತನ್ನು ಅಳೆಯದೆ ಇರುವುದರಿಂದಲೇ ಎಂಟು ನಿಮಿಷವೆಂದುಕೊಂಡ ಚಿತ್ರ ಹದಿನೆಂಟು ನಿಮಿಷವಾಗುತ್ತದೆ.

ಎರಡನೆಯ ಅಳತೆ ಶಾಟ್‌ಗಳದು. ಕ್ಯಾಮೆರಾವನ್ನೂ ಬೆಳಕನ್ನೂ ಹೊಸ ಜಾಗಕ್ಕೆ ಸರಿಸಿ ಹೊಸದಾಗಿ ಹೂಡುವ ಕೆಲಸವನ್ನು ಮೊದಲ ಸಲ ಚಿತ್ರೀಕರಿಸುವ ತಂಡ ದಿನವೊಂದಕ್ಕೆ ಹದಿನೈದು ಸಲ ಮಾಡಿ ಮುಗಿಸಿದರೆ ಅದು ಒಳ್ಳೆಯ ದಿನವೆಂಬುದು ನನ್ನ ಅನುಭವ. ಎರಡು ದಿನಕ್ಕೆ ಮೂವತ್ತು. ನಿಮ್ಮ ಅಪಘಾತದ ದೃಶ್ಯವೊಂದೇ ಇದರಲ್ಲಿ ಅರ್ಧವನ್ನು ನುಂಗುತ್ತದೆ, ನುಂಗಿದ ಮೇಲೂ ನಂಬುವಂತೆ ಕಾಣುವುದಿಲ್ಲ. ಮಳೆಯೂ ಹಾಗೆಯೇ. ಮಲೆನಾಡಿನವರಾದ ನಿಮಗೆ ಮಳೆಗೆ ಬರವಿಲ್ಲವೆನಿಸಬಹುದು, ಆದರೆ ಮಳೆ ಒಂದು ಶಾಟಿನಲ್ಲಿ ಬಂದು ಮುಂದಿನ ಶಾಟಿನಲ್ಲಿ ನಿಂತುಬಿಟ್ಟರೆ ಎರಡನ್ನೂ ಜೋಡಿಸಲಾಗುವುದಿಲ್ಲ.

ಹಾಗಾದರೆ ಉಳಿಯುವುದೇನು ಎಂದರೆ, ಕಥೆಯ ತಿರುಳೇ ಉಳಿಯುತ್ತದೆ: ಒಂದು ಕೋಣೆ, ಒಂದು ಹೊಲಿಗೆ ಯಂತ್ರ, ಒಬ್ಬ ಅಪ್ಪ, ಬಾಗಿಲ ಬಳಿ ನಿಂತ ಮಗ. ನೀವು ಕಳಿಸಿದ ದೃಶ್ಯದಲ್ಲಿ ಮಗ ತನ್ನ ಕಷ್ಟವನ್ನು ಒಂದೂವರೆ ಪುಟದಷ್ಟು ಹೇಳಿಕೊಳ್ಳುತ್ತಾನೆ. ಅದನ್ನೆಲ್ಲ ತೆಗೆದು ಹೀಗೆ ಯೋಚಿಸಿ ನೋಡಿ. ಬಾಗಿಲ ಕಡೆಯಿಂದ ಇಡೀ ಕೋಣೆ ಕಾಣುತ್ತದೆ. ಅಪ್ಪ ಯಾರದೋ ಮದುವೆಯ ಬ್ಲೌಸ್ ಹೊಲಿಯುತ್ತಿದ್ದಾರೆ. ಮಗ ಬಾಯಿ ತೆರೆದಾಗಲೆಲ್ಲ ಅಪ್ಪನ ಪಾದ ಪೆಡಲ್ ತುಳಿಯುತ್ತದೆ, ಯಂತ್ರದ ಸದ್ದಿಗೆ ಮಾತು ಅಡಗುತ್ತದೆ. ಮಗನ ಕೈಯಲ್ಲಿರುವ ಶುಲ್ಕದ ಚಲನ್ ನಾಲ್ಕು ಮಡಿಕೆಯಾಗಿ, ಎಂಟು ಮಡಿಕೆಯಾಗುತ್ತದೆ. ಒಮ್ಮೆ ದಾರ ತುಂಡಾಗಿ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಆ ಮೌನದಲ್ಲಿ ಮಗ ಏನನ್ನೂ ಕೇಳುವುದಿಲ್ಲ, ಸೂಜಿಗೆ ದಾರ ಪೋಣಿಸಿಕೊಡುತ್ತಾನೆ. ಅಪ್ಪ ತಲೆಯೆತ್ತದೆ “ಎಷ್ಟಂತೆ?” ಎನ್ನುತ್ತಾರೆ. ಇದಕ್ಕೆ ಬೇಕಾದದ್ದು ಏಳೆಂಟು ಶಾಟ್, ಒಂದೇ ಮಾತು. ಅಪ್ಪನಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ತಿಳಿಸಲು ಬಾಲ್ಯದ ಫ್ಲ್ಯಾಶ್‌ಬ್ಯಾಕ್ ಬೇಕಾಗುವುದಿಲ್ಲ.

ಈ ಏಳೆಂಟು ಶಾಟ್ ತೆಗೆಯುವಾಗ ಒಂದು ಎಚ್ಚರವಿರಲಿ. ಅಪ್ಪನಿಂದ ಮಗನವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಎಂದು ಭಾವಿಸಿ, ಕ್ಯಾಮೆರಾವನ್ನು ಆ ಗೆರೆಯ ಒಂದೇ ಬದಿಯಲ್ಲಿ ಇಟ್ಟುಕೊಳ್ಳಿ. ಅಪ್ಪ ಪರದೆಯಲ್ಲಿ ಬಲಕ್ಕೆ ನೋಡುತ್ತಿದ್ದರೆ ಮಗ ಎಡಕ್ಕೆ ನೋಡುತ್ತಿರಬೇಕು. ಗೆರೆ ದಾಟಿದರೆ ಇಬ್ಬರೂ ಒಂದೇ ಗೋಡೆಯನ್ನು ನೋಡುತ್ತ ಮಾತಾಡುವಂತೆ ಕಾಣುತ್ತದೆ, ಮತ್ತು ಈ ತಪ್ಪು ಗೊತ್ತಾಗುವುದು ಶೂಟಿಂಗ್ ಮುಗಿದು ಹೊಲಿಗೆ ಯಂತ್ರವನ್ನು ಅದರ ಮಾಲೀಕರಿಗೆ ಹಿಂದಿರುಗಿಸಿದ ಮೇಲೆ.

ಪ್ರಶ್ನೆ: ನಮ್ಮ ಗುಂಪಿನ ಎಲ್ಲರಿಗೂ ನಿರ್ದೇಶಕರಾಗುವ ಆಸೆ. ಕೊನೆಗೆ “ಎಲ್ಲರೂ ಸೇರಿ ನಿರ್ದೇಶಿಸೋಣ” ಎಂದು ತೀರ್ಮಾನಿಸಿದೆವು. ಮೊದಲ ದಿನವೇ ಜಗಳವಾಗಿ ಇಬ್ಬರು ಬರುವುದನ್ನು ನಿಲ್ಲಿಸಿದ್ದಾರೆ. ಅಂಕ ಮಾತ್ರ ಎಲ್ಲರಿಗೂ ಸಮನಾಗಿ ಕೊಡುತ್ತಾರಂತೆ. ಏನು ಮಾಡುವುದು?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎಲ್ಲರೂ ಸೇರಿ ಕಥೆ ಬರೆಯಬಹುದು, ಎಲ್ಲರೂ ಸೇರಿ ಸಂಕಲನವನ್ನು ವಿಮರ್ಶಿಸಬಹುದು, ಆದರೆ ಕ್ಯಾಮೆರಾ ಓಡುತ್ತಿರುವಾಗ ಕಲಾವಿದರ ಜೊತೆ ಮಾತಾಡುವ ಬಾಯಿ ಒಂದೇ ಇರಬೇಕು. ಒಬ್ಬರು “ಇನ್ನೂ ನಿಧಾನ” ಎಂದು, ಇನ್ನೊಬ್ಬರು “ಸ್ವಲ್ಪ ಚುರುಕಾಗಿ” ಎಂದು ಹೇಳಿದರೆ, ನಟಿಸಲು ಒಪ್ಪಿ ಬಂದ ನಿಮ್ಮ ಸೋದರಮಾವನೋ ಪಕ್ಕದ ಮನೆಯ ಅಜ್ಜಿಯೋ ಗಾಬರಿಯಾಗುತ್ತಾರೆ. ನಿರ್ದೇಶಕರಿಗೆ ಏನಾದರೂ ಸೂಚಿಸಬೇಕಾದರೆ ಅವರ ಕಿವಿಯಲ್ಲಿ ಹೇಳಿ.

ಗುಂಪಿನಲ್ಲಿ ನಿಜಕ್ಕೂ ಕೊರತೆಯಾಗುವುದು ಬೇರೆ ಎರಡು ಹುದ್ದೆಗಳಿಗೆ. ಮೊದಲನೆಯದು ಸಹಾಯಕ ನಿರ್ದೇಶಕರದು. ಇವರ ಆಸ್ತಿ ಒಂದು ಕೈಗಡಿಯಾರ ಮತ್ತು ಶಾಟ್‌ಗಳ ಪಟ್ಟಿ. ಊಟಕ್ಕೆ ಮೊದಲು ಆರು ಶಾಟ್ ಮುಗಿಯಬೇಕಿದ್ದು ಮೂರೇ ಮುಗಿದಿದ್ದರೆ, ಉಳಿದವುಗಳಲ್ಲಿ ಯಾವುದನ್ನು ಬಿಡೋಣ ಎಂದು ಹಿಂಜರಿಯದೆ ಕೇಳುವವರು ಇವರು. ಎರಡನೆಯದು ಕಂಟಿನ್ಯುಟಿ, ಅಂದರೆ ಶಾಟಿನಿಂದ ಶಾಟಿಗೆ ಎಲ್ಲವೂ ಹೊಂದುವಂತೆ, ನೋಡಿಕೊಳ್ಳುವವರದು. ಮಗನ ಅಂಗಿಯ ತೋಳು ಎಲ್ಲಿಯವರೆಗೆ ಮಡಿಸಿತ್ತು, ಲೋಟದಲ್ಲಿ ಕಾಫಿ ಎಷ್ಟಿತ್ತು, ಒಂದೇ ಶಾಟನ್ನು ಮತ್ತೆ ಮತ್ತೆ ತೆಗೆದಾಗ ಯಾವ ಟೇಕ್ ಚೆನ್ನಾಗಿತ್ತು ಎಂಬುದನ್ನು ಫೋಟೊ ತೆಗೆದು, ಬರೆದು ಇಟ್ಟುಕೊಳ್ಳುವ ಈ ಕೆಲಸವನ್ನು ಯಾರೂ ಕೇಳಿ ಪಡೆಯುವುದಿಲ್ಲ. ಸಂಕಲನಕ್ಕೆ ಕೂತಾಗ ಎಲ್ಲರೂ ಹುಡುಕುವುದು ಇವರ ನೋಟ್‌ಪುಸ್ತಕವನ್ನೇ.

ಬಿಟ್ಟುಹೋದ ಇಬ್ಬರ ವಿಷಯ. ಅವರನ್ನು ದೂರುವ ಮೊದಲು ಅವರಿಗೆ ಯಾವ ಕೆಲಸ ವಹಿಸಲಾಗಿತ್ತು ಎಂಬುದನ್ನು ನೆನಪಿಸಿಕೊಳ್ಳಿ. “ಎಲ್ಲರೂ ಎಲ್ಲವನ್ನೂ” ಎಂಬ ಏರ್ಪಾಡಿನಲ್ಲಿ ಸ್ವಲ್ಪ ಸಂಕೋಚದ ಸ್ವಭಾವದವರಿಗೆ ಸಿಗುವುದು ಟೀ ತರುವ ಕೆಲಸ. ಒಬ್ಬರಿಗೆ ಧ್ವನಿ, ಒಬ್ಬರಿಗೆ ಸಂಕಲನ ಎಂದು ಹೆಸರು ಹಿಡಿದು ಹೊಣೆ ಕೊಟ್ಟು ಕರೆಯಿರಿ, ಬಹುಪಾಲು ಬರುತ್ತಾರೆ. ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ ಮಾರ್ಗದರ್ಶಕ ಅಧ್ಯಾಪಕರಿಗೆ ಒಂದು ಪ್ರತಿ ಕೊಟ್ಟರೆ, ಅಂಕದ ಹಂಚಿಕೆ ನ್ಯಾಯವಾಗಿರಬೇಕೆಂದು ಕೇಳಲು ನಿಮಗೊಂದು ಆಧಾರವೂ ಇರುತ್ತದೆ.

ಆ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ಎಂದರೆ ನಿರ್ಮಾಪಕ, ಅಂದರೆ ಅದನ್ನು ತಯಾರಿಸಲು ಮುಂದಾಗಿ ಹೊಣೆ ಹೊತ್ತವರು, ನಿರ್ದೇಶಕರಲ್ಲ. ತಲಾ ಸಾವಿರ ರೂಪಾಯಿ ಹಾಕಿ ಮಾಡಿದ ಚಿತ್ರದಲ್ಲಿ ಆ ಹೊಣೆ ಯಾರದು? ಚಿತ್ರವನ್ನು ಯೂಟ್ಯೂಬಿಗೆ ಹಾಕುವುದು, ಚಿತ್ರೋತ್ಸವಕ್ಕೆ ಕಳಿಸುವುದು ಎಲ್ಲರ ಒಪ್ಪಿಗೆಯಿಂದಲೇ ಎಂದು ಈಗಲೇ ಬರೆದಿಡಿ. ಸ್ನೇಹ ಚೆನ್ನಾಗಿರುವಾಗ ಇದು ತಮಾಷೆಯಾಗಿ ಕಾಣುತ್ತದೆ, ಬಹುಮಾನವೊಂದು ಬಂದ ದಿನ ಕಾಣುವುದಿಲ್ಲ.

ಪ್ರಶ್ನೆ: ಫೋನಿನಲ್ಲೇ ಚಿತ್ರೀಕರಿಸಿದ್ದೇವೆ. ಚಿತ್ರ ಸೊಗಸಾಗಿ ಬಂದಿದೆ, ಆದರೆ ಮಾತೇ ಕೇಳಿಸುವುದಿಲ್ಲ. ಫ್ಯಾನಿನ ಗುಂಯ್‌ಗುಡುವಿಕೆ, ಹೊರಗಿನ ಆಟೋ ಸದ್ದು ಮಾತ್ರ ಕೇಳುತ್ತದೆ. ಇದನ್ನು ತಂತ್ರಾಂಶದಲ್ಲಿ ಸರಿಪಡಿಸಬಹುದೇ? ಉಳಿದ ದೃಶ್ಯಗಳಿಗೆ ಏನು ಮಾಡಬೇಕು?
— ವಿದ್ಯಾರ್ಥಿಗಳ ಗುಂಪು, ಮೈಸೂರು

ಉತ್ತರ: ಒಂದೇ ಸಮನಾಗಿರುವ ಫ್ಯಾನಿನ ಸದ್ದನ್ನು ತಂತ್ರಾಂಶ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಹೆಚ್ಚು ತಗ್ಗಿಸಲು ಹೋದರೆ ಮಾತು ನೀರೊಳಗಿಂದ ಬಂದಂತೆ ಕೇಳಿಸುತ್ತದೆ. ಮಾತಿನ ಮೇಲೇ ಬಿದ್ದಿರುವ ಆಟೋ ಸದ್ದನ್ನು ಪೂರ್ತಿ ತೆಗೆಯುವ ಭರವಸೆ ಇಟ್ಟುಕೊಳ್ಳಬೇಡಿ. ಆದ್ದರಿಂದ ಮುಗಿದುಹೋದ ದೃಶ್ಯಗಳಿಗೆ ಡಬ್ಬಿಂಗ್, ಅಂದರೆ ಮಾತನ್ನು ಆಮೇಲೆ ಮತ್ತೆ ದಾಖಲಿಸಿ ಕೂಡಿಸುವುದು, ಒಂದೇ ದಾರಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮ್ಮ ಕನ್ನಡ ಚಿತ್ರರಂಗ ದಶಕಗಳ ಕಾಲ ಹಾಗೆಯೇ ನಡೆದುಬಂದಿದೆ. ಮನೆಯಲ್ಲಿ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಮುಂದೆ ಮೈಕ್ ಹಿಡಿದು, ಹಿಂದೆ ದಪ್ಪ ಕಂಬಳಿ ಇಳಿಬಿಟ್ಟರೆ ಗೋಡೆಯ ಪ್ರತಿಧ್ವನಿ ಬಹಳಷ್ಟು ಅಡಗುತ್ತದೆ. ಕಲಾವಿದರು ಹೆಡ್‌ಫೋನಿನಲ್ಲಿ ತಮ್ಮ ಮೂಲ ಮಾತನ್ನು ಕೇಳಿಕೊಂಡು, ಒಂದೊಂದೇ ವಾಕ್ಯವನ್ನು ಮೂರು ನಾಲ್ಕು ಸಲ ಹೇಳಲಿ.

ಇನ್ನು ಉಳಿದ ದೃಶ್ಯಗಳು. ಧ್ವನಿಗ್ರಹಣದಲ್ಲಿ ಹಣಕ್ಕಿಂತ ದೂರ ದೊಡ್ಡದು. ಮೈಕ್ ಬಾಯಿಯಿಂದ ನಾಲ್ಕು ಅಡಿ ಇದ್ದದ್ದು ಎರಡು ಅಡಿಗೆ ಬಂದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಎಂಟು ಅಡಿ ಆಚೆಯಿಂದ ಚಿತ್ರೀಕರಿಸುವ ಫೋನಿನ ಒಳಮೈಕಿಗೆ ನಿಮ್ಮ ನಟನ ಮಾತಿಗಿಂತ ಫ್ಯಾನಿನ ಸದ್ದೇ ಹೆಚ್ಚು ಕೇಳಿಸುತ್ತದೆ. ಆದ್ದರಿಂದ ಇನ್ನೊಂದು ಫೋನನ್ನು ಧ್ವನಿಗೆಂದೇ ಮೀಸಲಿಡಿ. ಸಾಧ್ಯವಾದರೆ ತಂತಿಯುಳ್ಳ ಸಾಧಾರಣ ಕಾಲರ್ ಮೈಕ್ ಸಿಕ್ಕಿಸಿ ಆ ಫೋನನ್ನು ನಟನ ಜೇಬಿನಲ್ಲಿಡಿ. ಹಾಗಿಲ್ಲದಿದ್ದರೆ ಮೈಕನ್ನು ಬಿದಿರಿನ ಕೋಲಿನ ತುದಿಗೆ ಕಟ್ಟಿ, ಚೌಕಟ್ಟಿನ ಅಂಚಿಗೆ ತಾಗದಷ್ಟು ಮೇಲಿನಿಂದ ಎದೆಯ ಕಡೆಗೆ ಬಾಗಿಸಿ ಹಿಡಿಯಿರಿ. ಮಟ್ಟ ತೋರಿಸುವ ಗೆರೆ ಜೋರಾದ ಮಾತಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ; ಸೊನ್ನೆಗೆ ತಾಗಿ ಒಡೆದ ಧ್ವನಿಯನ್ನು ಮತ್ತೆ ಕೂಡಿಸಲು ಬರುವುದಿಲ್ಲ.

ಧ್ವನಿ ಬೇರೆ, ಚಿತ್ರ ಬೇರೆ ದಾಖಲಾಗುವಾಗ ಪ್ರತಿ ಶಾಟಿನ ಆರಂಭದಲ್ಲಿ ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ಹೊಡೆದು, ಶಾಟ್ ಮತ್ತು ಟೇಕಿನ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ. ಅಂಗೈ ಕೂಡುವ ಚಿತ್ರಕ್ಕೆ ಚಪ್ಪಾಳೆಯ ಸದ್ದನ್ನು ಹೊಂದಿಸಿದರೆ ಉಳಿದದ್ದು ತಾನಾಗಿ ಹೊಂದುತ್ತದೆ. ಧ್ವನಿಯ ಆ್ಯಪಿನಲ್ಲಿ ಮಾದರಿ ದರವನ್ನು (ಸ್ಯಾಂಪಲ್ ರೇಟ್) 48 ಕಿಲೋಹರ್ಟ್ಜ್‌ಗೆ ಇಡಿ, ವಿಡಿಯೊ ಕೆಲಸಕ್ಕೆ ರೂಢಿಯಲ್ಲಿರುವುದು ಅದೇ. ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನು, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು, ತಾನೇ ಏರಿಳಿಸುವುದುಂಟು. ಆಗ ಟೇಕಿನ ಆರಂಭದಲ್ಲಿ ಹೊಂದಿದ ತುಟಿ ಕೊನೆಯಲ್ಲಿ ಹೊಂದುವುದಿಲ್ಲ. ದರವನ್ನು ಸ್ಥಿರವಾಗಿಡುವ ಉಚಿತ ಕ್ಯಾಮೆರಾ ಆ್ಯಪ್‌ಗಳಿವೆ. ಈಗಾಗಲೇ ತೆಗೆದದ್ದನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ಪರಿವರ್ತಿಸಿಕೊಂಡ ಮೇಲೆ ಸಂಕಲನ ಆರಂಭಿಸಿ.

ಚಿತ್ರೀಕರಣಕ್ಕೆ ಮೊದಲು ಕೋಣೆಯಲ್ಲಿ ಕಣ್ಣುಮುಚ್ಚಿ ಒಂದು ನಿಮಿಷ ನಿಲ್ಲಿ. ಫ್ಯಾನ್, ಫ್ರಿಜ್, ಮೀನಿನ ತೊಟ್ಟಿಯ ಪಂಪ್, ಗೋಡೆ ಗಡಿಯಾರ ಒಂದೊಂದಾಗಿ ಕೇಳಿಸತೊಡಗುತ್ತವೆ. ಫ್ರಿಜ್ ಆರಿಸಿದರೆ ಗಾಡಿಯ ಕೀಲಿಕೈಯನ್ನು ಅದರೊಳಗೇ ಇಡಿ. ಪ್ಯಾಕಪ್ ಆದ ಮೇಲೆ ಕೀಲಿಗಾಗಿ ಫ್ರಿಜ್ ತೆರೆದವರು ಅದನ್ನು ಮತ್ತೆ ಹಾಕದೆ ಹೋಗುವುದಿಲ್ಲ, ಮನೆಯವರ ಹಾಲೂ ಒಡೆಯುವುದಿಲ್ಲ. ಹೊರಡುವ ಮೊದಲು ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ದಾಖಲಿಸಿ. ಮಾತಿನ ನಡುವಿನ ತೂತುಗಳನ್ನು ಮುಚ್ಚಲು ಅದು ಬೇಕಾಗುತ್ತದೆ. ಶಿವಮೊಗ್ಗದವರ ಹೊಲಿಗೆ ಯಂತ್ರದಂಥ ಸದ್ದುಗಳನ್ನೂ ಹೀಗೆಯೇ ಕ್ಯಾಮೆರಾ ಇಲ್ಲದೆ, ಹತ್ತಿರದಿಂದ, ಪ್ರತ್ಯೇಕವಾಗಿ ದಾಖಲಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಧ್ವನಿಯವರ ಕಿವಿಯಲ್ಲಿ ಹೆಡ್‌ಫೋನ್ ಇರಲಿ. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುಂಪಿನ ಧ್ವನಿ ನನ್ನ ಪಾಲಿನದಾಗಿತ್ತು. ಎರವಲು ತಂದ ರೆಕಾರ್ಡರಿನಲ್ಲಿ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಮಿನುಗಿ ಅದು ಸಿದ್ಧವಾಗುತ್ತದೆ, ಎರಡನೆಯ ಸಲ ಒತ್ತಿದರೆ ಮಾತ್ರ ದಾಖಲಾತಿ ಆರಂಭವಾಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. “ಆ್ಯಕ್ಷನ್” ಎಂದಾಗ ಒಮ್ಮೆ ಒತ್ತಿದೆ, “ಕಟ್” ಎಂದಾಗ ಇನ್ನೊಮ್ಮೆ ಒತ್ತಿದೆ. ಸಂಜೆ ಮನೆಯಲ್ಲಿ ಕೇಳಿದರೆ ಒಂದೇ ಒಂದು ಸಂಭಾಷಣೆಯೂ ಇರಲಿಲ್ಲ. ಟೇಕುಗಳ ನಡುವೆ ನಾವು ಆಡಿದ ಮಾತುಗಳೆಲ್ಲ ಸ್ಫಟಿಕದಷ್ಟು ಸ್ವಚ್ಛವಾಗಿದ್ದವು. “ಟೀ ಬಂತೇನ್ರೋ” ಎಂಬುದೇ ಹನ್ನೊಂದು ಸಲ ಇತ್ತು.

ಪ್ರಶ್ನೆ: ಮಗಳು ಕಿರುಚಿತ್ರಕ್ಕೆಂದು ಕ್ಯಾಮೆರಾ ಬಾಡಿಗೆಗೆ ಆರು ಸಾವಿರ ರೂಪಾಯಿ ಕೇಳುತ್ತಿದ್ದಾಳೆ. ಮನೆಯಲ್ಲಿ ಒಳ್ಳೆಯ ಫೋನ್ ಇದೆ. ಅಷ್ಟು ಖರ್ಚು ನಿಜಕ್ಕೂ ಅಗತ್ಯವೇ?
— ತಾಯಿ, ತುಮಕೂರು

ಉತ್ತರ: ಕ್ಯಾಮೆರಾಕ್ಕೆ ಅಗತ್ಯವಿಲ್ಲ, ಅಮ್ಮ. ಆದರೆ ಪೂರ್ತಿ ಇಲ್ಲವೆನ್ನಬೇಡಿ. ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಒಂದು ಕಾಲರ್ ಮೈಕ್, ಅಲುಗಾಡದ ಒಂದು ಟ್ರೈಪಾಡ್, ಎರಡು ದಿನ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಊಟ ಇವಿಷ್ಟೂ ಆಗುತ್ತವೆ. ಊಟವನ್ನು ಖರ್ಚಿನ ಪಟ್ಟಿಯ ಕೊನೆಯಲ್ಲಿ ಬರೆಯುವ ತಂಡಗಳು ಮಧ್ಯಾಹ್ನ ಮೂರರ ಹೊತ್ತಿಗೆ ಜಗಳವಾಡುತ್ತವೆ. ಚಿತ್ರಾನ್ನ, ಮೊಸರನ್ನ ಮನೆಯಿಂದ ಹೋದರೆ ಆ ಚಿತ್ರಕ್ಕೆ ನೀವೂ ಒಬ್ಬ ನಿರ್ಮಾಪಕಿ. ಮಗಳು ಎಷ್ಟು ಗಂಟೆಗೆ ಎಲ್ಲಿರುತ್ತಾಳೆ ಎಂಬ ಚಿಂತೆಯನ್ನೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಪ್ರತಿ ದಿನದ ಸ್ಥಳ, ಆರಂಭದ ಮತ್ತು ಮುಗಿಯುವ ಹೊತ್ತು, ಯಾರು ಯಾರನ್ನು ಮನೆ ತಲುಪಿಸುತ್ತಾರೆ ಎಂಬ ವಿವರವಿರುವ ಕಾಲ್‌ಶೀಟನ್ನು ಹಿಂದಿನ ಸಂಜೆಯೇ ತೋರಿಸಲು ಹೇಳಿ. ಅದನ್ನು ಸಿದ್ಧಪಡಿಸುವುದು ಅವರ ಪಾಠದ ಭಾಗವೇ ಆಗಿದೆ.

ಪ್ರಶ್ನೆ: ಟ್ಯೂಬ್‌ಲೈಟಿನಡಿ ತೆಗೆದ ದೃಶ್ಯಗಳಲ್ಲಿ ಪಟ್ಟೆಗಳು ಓಡಾಡುತ್ತವೆ. ಕಿಟಕಿಯ ಪಕ್ಕ ಕೂರಿಸಿದರೆ ಮುಖ ಕಪ್ಪಾಗುತ್ತದೆ. ದೀಪ ಬಾಡಿಗೆಗೆ ತರುವಷ್ಟು ಹಣವಿಲ್ಲ.
— ವಿದ್ಯಾರ್ಥಿ, ಉಡುಪಿ

ಉತ್ತರ: ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಜ್‌ನದು. ಅದರಲ್ಲಿ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗುತ್ತವೆ. ಕಣ್ಣಿಗೆ ಕಾಣದ ಇದು ಕ್ಯಾಮೆರಾದ ಶಟರ್ ವೇಗಕ್ಕೆ, ಅಂದರೆ ಒಂದೊಂದು ಫ್ರೇಮಿಗೂ ಅದು ಬೆಳಕು ತೆಗೆದುಕೊಳ್ಳುವ ಹೊತ್ತಿಗೆ, ತಾಳೆಯಾಗದಿದ್ದಾಗ ಪಟ್ಟೆಯಾಗಿ ಕಾಣುತ್ತದೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿ, ಫ್ರೇಮ್ ದರವನ್ನು 25ಕ್ಕೆ ಇಟ್ಟರೆ ತೊಂದರೆ ಬಹುಪಾಲು ಹೋಗುತ್ತದೆ. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಇದಕ್ಕೂ ಬಗ್ಗುವುದಿಲ್ಲ, ಅವನ್ನು ಆರಿಸುವುದೇ ಸರಿ. ಫೋನಿನಲ್ಲಿ ಮುಖದ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿಹಿಡಿದು ಬೆಳಕನ್ನೂ ಫೋಕಸನ್ನೂ ಬಂಧಿಸಿಡುವುದನ್ನು ಮರೆಯಬೇಡಿ. ಇಲ್ಲವಾದರೆ ನಟ ಕೈಯೆತ್ತಿದಾಗಲೆಲ್ಲ ದೃಶ್ಯ ಮಂಕಾಗಿ ಮತ್ತೆ ಬೆಳಗುತ್ತದೆ.

ಕಿಟಕಿ ನಟನ ಬೆನ್ನಿಗಿದ್ದರೆ ಮುಖ ಕಪ್ಪಾಗಲೇಬೇಕು. ಅವರನ್ನು ತಿರುಗಿಸಿ, ಬೆಳಕು ಒಂದು ಕೆನ್ನೆಯ ಕಡೆಯಿಂದ ಬೀಳುವಂತೆ ಕೂರಿಸಿ, ಇನ್ನೊಂದು ಕೆನ್ನೆಯ ಕಡೆ ಕ್ಯಾಮೆರಾಕ್ಕೆ ಕಾಣದಂತೆ ಬಿಳಿಯ ಥರ್ಮೊಕೋಲ್ ಹಲಗೆಯನ್ನು ಹಿಡಿಯಿರಿ. ಒಗೆದ ಬಿಳಿ ಪಂಚೆಯನ್ನು ಎರಡು ಕೋಲಿಗೆ ಬಿಗಿದು ಕಟ್ಟಿದರೂ ಆಗುತ್ತದೆ. ಹಲಗೆಯನ್ನು ಒಂದು ಅಡಿ ಹಿಂದೆ ಮುಂದೆ ಸರಿಸಿದಾಗ ಕಣ್ಣಿನ ಕೆಳಗಿನ ನೆರಳು ತುಂಬಿ ಬರುವುದನ್ನೂ ಮತ್ತೆ ಗಾಢವಾಗುವುದನ್ನೂ ಒಮ್ಮೆ ನೋಡಿ. ಬಾಡಿಗೆ ದೀಪ ಸಿಕ್ಕ ಮೇಲೂ ನೀವು ಮಾಡಬೇಕಾದದ್ದು ಇದನ್ನೇ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಇಳಿಬಿಟ್ಟ ಆ ಪ್ರಸಿದ್ಧ ಬೆಳಕಿನ ಕೋಲು ದೊಡ್ಡ ದೀಪದ್ದಾಗಿರಲಿಲ್ಲ. ಹೊರಗಿನ ಬಿಸಿಲನ್ನು ಅವರು ಎರಡು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದಿದ್ದರು. ನಿಮ್ಮೂರಿನಲ್ಲಿ ಬಿಸಿಲಿಗೆ ದುಡ್ಡು ಕೊಡಬೇಕಾಗಿಲ್ಲ, ಮಳೆಗಾಲ ಕಳೆಯುವವರೆಗೆ ಕಾಯಬೇಕು ಅಷ್ಟೆ. ಸೂರ್ಯ ಸರಿಯುತ್ತಲೇ ಇರುತ್ತಾನಾದ್ದರಿಂದ ಕಿಟಕಿಯ ದೃಶ್ಯಗಳನ್ನು ಒಂದೇ ಹೊತ್ತಿನಲ್ಲಿ, ಅಗಲದ ಶಾಟಿನಿಂದ ಹಿಡಿದು ಸಮೀಪದ ಶಾಟಿನವರೆಗೆ, ಎದ್ದುಹೋಗದೆ ಮುಗಿಸಿಬಿಡಿ.

ಪ್ರಶ್ನೆ: ಮಾಸ್ತಿಯವರ ಒಂದು ಕಥೆಯನ್ನು ಆಧರಿಸಿ ಚಿತ್ರ ಮಾಡುವ ಯೋಚನೆ ಇದೆ. ಹಿನ್ನೆಲೆಯಲ್ಲಿ ಬೇಂದ್ರೆಯವರ ಗೀತೆಯೊಂದರ ಧ್ವನಿಸುರುಳಿಯನ್ನು ಬಳಸಬೇಕೆಂದಿದ್ದೇವೆ. ವಿದ್ಯಾರ್ಥಿಗಳಿಗೆ ಅನುಮತಿ ಬೇಕಾಗುವುದಿಲ್ಲ ಎನ್ನುತ್ತಾರೆ, ನಿಜವೇ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಅರ್ಧ ನಿಜ. ಬೋಧನೆಯ ಭಾಗವಾಗಿ ಮಾಡುವುದಕ್ಕೂ, ಸಂಸ್ಥೆಯ ಚಟುವಟಿಕೆಯಾಗಿ ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಇಂಥವರ ಮುಂದೆ ತೋರಿಸುವುದಕ್ಕೂ ಕಾಯ್ದೆಯಲ್ಲಿ ಒಂದಿಷ್ಟು ವಿನಾಯಿತಿ ಇದೆ. ಯೂಟ್ಯೂಬಿಗೆ ಹಾಕಿದ ಕೂಡಲೇ, ಚಿತ್ರೋತ್ಸವಕ್ಕೆ ಕಳಿಸಿದ ಕೂಡಲೇ ಆ ಆಸರೆ ತಪ್ಪುತ್ತದೆ, ಮತ್ತು ಇಂದು ಚಿತ್ರ ಮಾಡಿ ಕಾಲೇಜಿನಲ್ಲಷ್ಟೇ ಇಟ್ಟುಕೊಳ್ಳುವವರು ಯಾರೂ ಇಲ್ಲ.

ಸಾಹಿತ್ಯಕೃತಿಯ ಹಕ್ಕು ಲೇಖಕರ ಆಯುಷ್ಯದ ನಂತರ 60 ವರ್ಷ ಉಳಿಯುತ್ತದೆ. ಅವರು ತೀರಿಕೊಂಡ ವರ್ಷದ ಮುಂದಿನ ವರ್ಷದ ಮೊದಲ ದಿನದಿಂದ ಎಣಿಕೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕು ಇದೆ. ಮಾಸ್ತಿಯವರದು 1986, ಅಂದರೆ 2046ರ ಕೊನೆ. ಇಬ್ಬರ ವಾರಸುದಾರರಿಂದಲೂ ಲಿಖಿತ ಒಪ್ಪಿಗೆ ಬೇಕು. ವಿನಯದಿಂದ ಒಂದು ಪತ್ರ ಬರೆಯಿರಿ: ಯಾವ ಕಥೆ, ಎಷ್ಟು ನಿಮಿಷ, ಎಲ್ಲಿ ತೋರಿಸುತ್ತೀರಿ, ಹಣ ಬರುತ್ತದೆಯೇ ಇಲ್ಲವೇ. ಕಾಯುವಷ್ಟು ಸಮಯವಿಲ್ಲದಿದ್ದರೆ ಪಂಜೆ ಮಂಗೇಶರಾಯರ ಕಥೆಗಳ ಕಡೆ ನೋಡಿ. ಅವರು 1937ರಲ್ಲೇ ತೀರಿಕೊಂಡಿದ್ದಾರೆ, ಅವರ ಬರಹಗಳ ಹಕ್ಕಿನ ಅವಧಿ ಮುಗಿದು ಬಹಳ ಕಾಲವಾಗಿದೆ.

ಧ್ವನಿಸುರುಳಿಯದು ಇನ್ನೊಂದು ತೊಡಕು. ಕವಿತೆಗೆ ಒಂದು ಹಕ್ಕು, ರಾಗ ಸಂಯೋಜನೆಗೆ ಇನ್ನೊಂದು, ಆ ನಿರ್ದಿಷ್ಟ ದಾಖಲೆಗೆ ಮತ್ತೊಂದು ಹಕ್ಕು ಇರುತ್ತದೆ. ದಾಸರ ಪದವೊಂದಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಹಾಡಿ ಹೊರತಂದ ಆಲ್ಬಮ್ಮಿಗೆ ಕಂಪನಿಯ ಹಕ್ಕು ಇದೆ. ನಿಮ್ಮ ತರಗತಿಯಲ್ಲಿ ಹಾಡುವವರೊಬ್ಬರು ಇದ್ದೇ ಇರುತ್ತಾರೆ. ಅವರಿಂದ ಪುರಂದರದಾಸರ ಪದವೊಂದನ್ನು ತಂಬೂರಿಯ ಶ್ರುತಿ ಸಾಕೆಂದು ಹಾಡಿಸಿ, ಮೇಲೆ ಹೇಳಿದ ಬೀರುವಿನ ಮುಂದೆ ದಾಖಲಿಸಿಕೊಳ್ಳಿ.

ಪ್ರಶ್ನೆ: ಬಸ್ ನಿಲ್ದಾಣದಲ್ಲಿ, ಸಾಧ್ಯವಾದರೆ ಬೇಲೂರಿನ ದೇವಾಲಯದಲ್ಲಿ ತೆಗೆಯಬೇಕು. ಯಾರೂ ಗಮನಿಸದಂತೆ ಫೋನಿನಲ್ಲಿ ತೆಗೆದರೆ ನಡೆಯುತ್ತದೆಯೇ?
— ವಿದ್ಯಾರ್ಥಿ, ಹಾಸನ

ಉತ್ತರ: ನಡೆಯಬಹುದು, ನಡೆಯದೆಯೂ ಇರಬಹುದು, ನಡೆಯದಿದ್ದರೆ ಅರ್ಧ ದಿನ ಹೋಗುತ್ತದೆ. ಬೇಲೂರು ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಅಲ್ಲಿ ಚಿತ್ರೀಕರಣಕ್ಕೆ ಮುಂಚಿತ ಅನುಮತಿ ಬೇಕು. ಬಸ್ ನಿಲ್ದಾಣಕ್ಕೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಾಂಶುಪಾಲರ ಸಹಿಯ ಪತ್ರ ಒಯ್ದು ಅಧಿಕಾರಿಗಳನ್ನು ಮೊದಲೇ ಕಾಣಿ. ಅದಕ್ಕಿಂತ ಸುಲಭದ ದಾರಿಯೆಂದರೆ ನಿಲ್ದಾಣದ ಸದ್ದನ್ನಷ್ಟೇ ದಾಖಲಿಸಿ ತಂದು, ಕಾಲೇಜಿನ ಸಿಮೆಂಟ್ ಬೆಂಚಿನ ಮೇಲೆ ಕುಳಿತ ಹುಡುಗಿಯ ಮುಖದ ಮೇಲೆ “ಧರ್ಮಸ್ಥಳ, ಧರ್ಮಸ್ಥಳ” ಎಂಬ ಕಂಡಕ್ಟರನ ಕೂಗನ್ನು ಇಡುವುದು.

ಪ್ರಶ್ನೆ: ಸಂಕಲನ ಮುಗಿಯಿತು. ಶೀರ್ಷಿಕೆಗಳನ್ನು ಕನ್ನಡದಲ್ಲಿ ಹಾಕಿದರೆ ಒತ್ತಕ್ಷರಗಳು ಒಡೆದು ಅಕ್ಕಪಕ್ಕ ಕೂರುತ್ತವೆ. ನಾಳಿದ್ದು ಪ್ರದರ್ಶನ. ಇಂಗ್ಲಿಷಿನಲ್ಲೇ ಹಾಕಿಬಿಡೋಣವೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಯವಿಟ್ಟು ಬೇಡ. ಇದಕ್ಕೆ ಎರಡು ಕಾರಣಗಳಿರಬಹುದು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿ ಅಂಟಿಸಿದ್ದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಯೂನಿಕೋಡಿನಲ್ಲೇ ಇದ್ದೂ ಒಡೆಯುತ್ತಿದ್ದರೆ ನಿಮ್ಮ ಸಂಕಲನ ತಂತ್ರಾಂಶ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆಯನ್ನು ಬಳಸುತ್ತಿಲ್ಲ ಎಂದರ್ಥ. ಪ್ರೀಮಿಯರ್‌ನಂಥ ಕೆಲವು ತಂತ್ರಾಂಶಗಳಲ್ಲಿ ಪಠ್ಯದ ಆಯ್ಕೆಗಳೊಳಗೆ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಪ್ರತ್ಯೇಕ ಸೌಲಭ್ಯ ಇರುತ್ತದೆ, ಅದನ್ನು ಆರಿಸಿ. ಅದೂ ಸಿಗದಿದ್ದರೆ ಶೀರ್ಷಿಕೆಯನ್ನು ಬೇರೆ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ಟೈಮ್‌ಲೈನಿನ ಮೇಲಿಡಿ. ಚಿತ್ರವಾದ ಮೇಲೆ ಒತ್ತು ಎಲ್ಲಿಗೂ ಓಡುವುದಿಲ್ಲ. ಹೆಸರುಗಳ ಕಾಗುಣಿತವನ್ನು ಆಯಾ ವ್ಯಕ್ತಿಗಳಿಂದಲೇ ಒಮ್ಮೆ ನೋಡಿಸಿ. ಯಂತ್ರ ಕೊಟ್ಟವರು, ಮನೆ ಬಿಟ್ಟುಕೊಟ್ಟವರು, ಅಡುಗೆ ಮಾಡಿದವರು ಪಟ್ಟಿಯಲ್ಲಿದ್ದಾರೆಯೇ ಎಂದೂ ನೋಡಿ.

ನಾಳಿದ್ದು ಪ್ರದರ್ಶನವೆಂದಿರಿ. ಪೆನ್‌ಡ್ರೈವ್ ಎಫ್‌ಎಟಿ32 ವಿಧಾನದಲ್ಲಿ ಸಿದ್ಧಪಡಿಸಿದ್ದಾದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಯುವುದಿಲ್ಲ, ಅದನ್ನು ಈ ದಿನವೇ ಪರೀಕ್ಷಿಸಿ. ನಾಳೆ ಸಭಾಂಗಣದ ಬೀಗ ತೆಗೆಸಿ, ಅಲ್ಲಿಯ ಕಂಪ್ಯೂಟರಿನಲ್ಲಿ, ಅಲ್ಲಿಯ ಸ್ಪೀಕರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓಡಿಸಿ, ಕೊನೆಯ ಸಾಲಿನಲ್ಲಿ ಕುಳಿತು ಮಾತು ಕೇಳಿಸುತ್ತದೆಯೇ ಎಂದು ನೋಡಿ. ಇನ್ನೊಂದು ಪ್ರತಿ ಇನ್ನೊಬ್ಬರ ಚೀಲದಲ್ಲಿರಲಿ.